ಏರಿದ ಪಂಚಮ

ಮುಂಜಾನೆ ಚಹಾ ಕೈಗೆ ಬರುವ ಮೊದಲು ಒಂದು ಹಾಡು ಕೇಳುವುದು ಪ್ರಹ್ಲಾದನ ರೂಢಿ. ದೇವರ ಹಾಡೇ ಆಗಬೇಕೆಂದೇನಿಲ್ಲ. ಜಳಕ ಮಾಡದೆ ದೇವರ ಹಾಡು ಹಚ್ಚುತ್ತಾರೆಂದು ಹೆಂಡತಿ ಸುಲಭಾ ಗೊಣಗುವುದು ತಪ್ಪಲಿ ಎಂದು ಅವನು ಹೆಚ್ಚಾಗಿ ಹಳೆಯ ಸಿನಿಮಾ ಹಾಡುಗಳನ್ನೇ ಆರಿಸಿಕೊಳ್ಳುತ್ತಿದ್ದ. ಇವತ್ತು ಹಾಕಿದ್ದು ಹಿಂದಿಯದು, ಹೆಣ್ಣು ದನಿಯದು. ಎರಡನೆಯ ಸಾಲಿನಲ್ಲಿ ಆ ದನಿ ಅವಸರವಿಲ್ಲದೆ ಮೇಲೇರಿ ಪಂಚಮದ ಮೇಲೆ ನಿಲ್ಲುತ್ತದೆ. ಆ ಒಂದು ನಿಲುಗಡೆಗಾಗಿಯೇ ಅವನು ಈ ಹಾಡನ್ನು ಆಯುಷ್ಯವಿಡೀ ಕೇಳುತ್ತ ಬಂದಿದ್ದ. ಪಿಯುಸಿ ಫೇಲಾದ ದಿನ ಅಫಜಲಪುರದ ಬಸ್ ಸ್ಟ್ಯಾಂಡಿನ ಹೋಟೆಲ್ಲಿನ ರೇಡಿಯೊದಲ್ಲಿ ಇದು ಬರುತ್ತಿತ್ತು. ಮನೆಗೆ ಹೋಗಿ ಅಪ್ಪನಿಗೆ ಮುಖ ತೋರಿಸುವ ಧೈರ್ಯವಿಲ್ಲದೆ ಕಂಬಕ್ಕೆ ಆತು ನಿಂತಿದ್ದ ಹುಡುಗನಿಗೆ ಆ ಸ್ವರ, ಇರಲಿ ಬಿಡು ಎಂದು ಯಾರೋ ಬೆನ್ನ ಮೇಲೆ ಕೈಯಿಟ್ಟ ಹಾಗೆ ಆಗಿತ್ತು. ಇವತ್ತು ಆ ದನಿ ಏರಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಕೂದಲೆಳೆಯಷ್ಟು ಕೆಳಗೆ ಜಾರಿತು. ನಿನ್ನೆಯೂ ಜಾರಿತ್ತು. ಕೆಲವು ವಾರಗಳಿಂದ ಎಲ್ಲ ಹಾಡುಗಳೂ ಹೀಗೇ ಜಾರತೊಡಗಿದ್ದವು. ಮೊದಲು ಅವನು ಫೋನಿನ ಮೇಲೆ ಸಿಟ್ಟಾದ. ಕಲಬುರಗಿಯಿಂದ ಮಗ ಅತುಲ ಹೊಸ ಸ್ಪೀಕರು ತಂದುಕೊಟ್ಟ ಮೇಲೆ ಆ ಸ್ಪೀಕರಿನ ಮೇಲೆ ಸಿಟ್ಟಾದ. ಆಮೇಲೆ, ಹಳೆಯ ಹಾಡುಗಳನ್ನು ಫೋನಿಗೆ ತುಂಬಿಸುವವರು ಅವುಗಳ ಜೀವ ತೆಗೆದಿದ್ದಾರೆ, ಈಗಿನವರಿಗೆ ಸುರದ ಖಬರೇ ಇಲ್ಲ ಎಂದು ಜೇವರ್ಗಿ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕೂತು ಹೇಳಿದ. ಕೇಳಿದವರು ತಲೆದೂಗಿದರು. ಪ್ರಹ್ಲಾದರಾವ್ ವಕೀಲರು ಸುರದ ಬಗ್ಗೆ ಮಾತಾಡಿದರೆ ಈ ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಅವನು ಹಾಡುಗಾರನಲ್ಲ. ದನಿ ಬಿಟ್ಟರೆ ಕಾಗೆ ಹಾರುತ್ತವೆ ಎಂದು ಸುಲಭಾ ಮದುವೆಯಾದ ವರ್ಷವೇ ಹೇಳಿದ್ದಳು, ಅದು ಸುಳ್ಳೂ ಆಗಿರಲಿಲ್ಲ. ಆದರೆ ದೇವರು ಗಂಟಲಿಗೆ ಕೊಡದೆ ಉಳಿಸಿಕೊಂಡದ್ದನ್ನೆಲ್ಲ ಕಿವಿಗೆ ಕೊಟ್ಟಿದ್ದ. ಎಣ್ಣೆ ಗಾಣದ ಸುನೀಲಕುಮಾರನ ಮಹಡಿಯ ಮೇಲೆ ಪ್ರತಿ ಅಮವಾಸ್ಯೆಯ ಸಂಜೆ ನಡೆಯುವ ಸಂಗೀತದ ಬೈಠಕ್ಕನ್ನು ಕಟ್ಟಿದವನು ಅವನೇ. ಅಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು: ಎಂಥ ಗವಾಯಿ ಬಂದರೂ ತಂಬೂರಿಯ ಶ್ರುತಿ ಕೂಡಿಸುವುದು ಪ್ರಹ್ಲಾದರಾಯರೇ. ಅವನು ತಂಬೂರಿಯನ್ನು ಬಲ ಭುಜಕ್ಕೆ ಆನಿಸಿ, ಬಲಗಿವಿಯನ್ನು ಅದರ ಕೊರಳಿಗೆ ಹಚ್ಚಿ, ಬಿರಡೆ ತಿರುವಿ, ತಂತಿಯ ಬುಡದ ಮಣಿಯನ್ನು ಉಗುರಿನಿಂದ ಒಂದಿಷ್ಟೇ ಸರಿಸಿ, ಕಣ್ಣು ಮುಚ್ಚಿ 'ಹಾಂ' ಎನ್ನುತ್ತಿದ್ದ. ಆ 'ಹಾಂ' ಬಂದ ಮೇಲೆ ಸಭೆ ನೆಟ್ಟಗೆ ಕೂಡುತ್ತಿತ್ತು. ಆಳಂದ, ಅಫಜಲಪುರಗಳಿಂದಲೂ ಕಾರ್ಯಕ್ರಮ ಇದ್ದಾಗ ಅವನಿಗೆ ಕರೆ ಬರುತ್ತಿತ್ತು. ವಕೀಲಿಯಲ್ಲಿ ಅವನು ಮಾಡಿದ್ದು ಅಷ್ಟಕ್ಕಷ್ಟೆ. ಗೆದ್ದ ಕೇಸುಗಳಿಗಿಂತ ಸೋತವೇ ನೆನಪಿನಲ್ಲಿದ್ದವು. ಊರು ಅವನಿಗೆ ಕೊಟ್ಟ ಮರ್ಯಾದೆಯೆಲ್ಲ ಆ ಎರಡು ಕಿವಿಗಳದು.

ಮೊನ್ನೆಯ ಬೈಠಕ್ಕು ನೆನಪಾಗಿ ಅವನಿಗೆ ಮತ್ತೆ ಮೈ ಉರಿಯಿತು. ಹಾಡಲು ಬಂದವಳು ನೆಲೋಗಿಯ ದೌಲತರಾಯನ ಮಗಳು ವಿದ್ಯಾವತಿ. ದೌಲತರಾಯ ದೊಡ್ಡ ಒಕ್ಕಲುತನದ ಮನುಷ್ಯ, ಪ್ರಹ್ಲಾದನ ಹಳೆಯ ಕಕ್ಷಿದಾರ. ಮಗಳು ಧಾರವಾಡಕ್ಕೆ ಹೋಗಿ ಸಂಗೀತ ಕಲಿಯುತ್ತೇನೆಂದು ವರ್ಷದಿಂದ ಹಟ ಹಿಡಿದಿದ್ದಳು. ಅಪ್ಪನಿಗೆ ಮನಸ್ಸಿರಲಿಲ್ಲ, ಇಲ್ಲ ಎನ್ನಲೂ ಆಗಿರಲಿಲ್ಲ. ಕೊನೆಗೆ, ವಕೀಲ್ ಸಾಹೇಬರು ಒಮ್ಮೆ ಕೇಳಿ ಹೂಂ ಅಂದರೆ ಕಳಿಸುತ್ತೇನೆ ಎಂದು ಮಾತು ಕೊಟ್ಟು ಅಮವಾಸ್ಯೆಗೆ ಕರೆದುಕೊಂಡು ಬಂದಿದ್ದ. ಹುಡುಗಿ ಹಸಿರು ದಡಿಯ ಸೀರೆಯುಟ್ಟು, ತಲೆ ಬಗ್ಗಿಸಿ ಕೂತಿದ್ದಳು. ಪ್ರಹ್ಲಾದ ಶ್ರುತಿ ಕೂಡಿಸಿ ತಂಬೂರಿಯನ್ನು ಅವಳ ಕೈಗೆ ಕೊಟ್ಟ. ಅವಳು ಎರಡು ಸಲ ಮೀಟಿದಳು, ಹುಬ್ಬು ಗಂಟಿಕ್ಕಿದಳು, ತನಗೇ ಗೊತ್ತಿಲ್ಲದವಳ ಹಾಗೆ ಪಂಚಮದ ತಂತಿಯ ಮಣಿಗೆ ಕೈ ಹಾಕಿ ಅದನ್ನು ಒಂದಿಷ್ಟು ಇಳಿಸಿದಳು. ಅವನು ಕೂಡಿಸಿದ ತಂಬೂರಿಯನ್ನು ಇನ್ನೊಬ್ಬರು ಮುಟ್ಟಿದ್ದು ಆ ಮಹಡಿಯಲ್ಲಿ ಅದೇ ಮೊದಲು. ಯಾರೋ ಹಿಂದೆ ಕೆಮ್ಮಿದರು. ಅವನು ಕೈ ಚಾಚಿ ತಂಬೂರಿ ಕಸಿದುಕೊಂಡು ಪಂಚಮವನ್ನು ಮತ್ತೆ ಏರಿಸಿ, ಎಲ್ಲರಿಗೂ ಕೇಳುವ ಹಾಗೆ, ಮಣಿಗೆ ಕೈ ಹಚ್ಚುವ ಮೊದಲು ಕಿವಿ ತಿದ್ದಿಕೊಂಡು ಬರಬೇಕು ಎಂದ. ಒಂದಿಬ್ಬರು ನಕ್ಕರು. ಆ ನಗೆಯ ಮೇಲೆಯೇ ಅವಳು ಹಾಡು ಎತ್ತಿಕೊಂಡಳು. ಎತ್ತಿಕೊಂಡದ್ದು ಬೇರೆ ಯಾವುದೂ ಅಲ್ಲ, ಅವನ ಅವ್ವ ಹಾಡುತ್ತಿದ್ದ ಪದ. ವಕೀಲರಿಗೆ ಇದಂದರೆ ಪ್ರಾಣ ಎಂದು ಯಾರೋ ಅವಳಿಗೆ ಹೇಳಿರಬೇಕು. ಎರಡು ಸಾಲು ದಾಟುವುದರೊಳಗೆ ಅವಳ ದನಿ ತಂಬೂರಿಯಿಂದ ಕಳಚಿಕೊಂಡಿತು, ಹಿಡಿಯಲು ಹೋದಳು, ಸಿಗಲಿಲ್ಲ, ನಡುಗಿದಳು, ನಿಲ್ಲಿಸಿಬಿಟ್ಟಳು. ಮೆಟ್ಟಿಲಿಳಿಯುವಾಗ ದೌಲತರಾಯ ಮೆಲ್ಲಗೆ ಕೇಳಿದ್ದಕ್ಕೆ ಪ್ರಹ್ಲಾದ ಹೇಳಿದ್ದು ಒಂದೇ ಮಾತು, ಸುರ ಇಲ್ಲ, ರೊಕ್ಕ ಹಾಳು ಮಾಡಬೇಡಿರಿ. ತನ್ನ ಅವ್ವನ ಪದವನ್ನು ಆ ಹುಡುಗಿ ಹರಿದು ಹಾಕಿದ್ದಳು ಎಂಬ ಸಿಟ್ಟು ಅವನಿಗೆ ಎರಡು ದಿನವಾದರೂ ಇಳಿದಿರಲಿಲ್ಲ.

ಚಹಾ ಕುಡಿಯುತ್ತಿದ್ದಾಗ ಅತುಲ ಫೋನು ಮಾಡಿದ. ಹೊಸ ಸ್ಪೀಕರು ಹೇಗಿದೆ ಎಂದು ಕೇಳಿದ, ಇವನು ಬೈದ, ಅವನು ನಕ್ಕ. ಮಾತಿನ ನಡುವೆ ಕಪ್ಪು ಕೆಳಗಿಡಲು ಪ್ರಹ್ಲಾದ ಫೋನನ್ನು ಎಡಗೈಗೆ ದಾಟಿಸಿ ಎಡಗಿವಿಗೆ ಹಚ್ಚಿಕೊಂಡ. ಅತುಲನ ದನಿ ಬದಲಾಯಿತು. ತೆಳ್ಳಗಾಯಿತು, ಏರಿತು, ಖರೆ ಅತುಲನದಾಯಿತು. ಮತ್ತೆ ಬಲಗಿವಿಗೆ ತಂದ. ಅದೇ ಮಗ ಯಾರೋ ಬೇರೆಯವನ ಹಾಗೆ, ಮೂಗು ಕಟ್ಟಿದವನ ಹಾಗೆ ಮಾತಾಡುತ್ತಿದ್ದ. ಅಪ್ಪಾ, ಕೇಳಾಕತ್ತದೇನು ಎಂದು ಅವನು ಅತ್ತಲಿಂದ ಕೇಳುತ್ತಲೇ ಇದ್ದ. ಪ್ರಹ್ಲಾದ ಆಮೇಲೆ ಮಾಡುತ್ತೇನೆಂದು ಫೋನಿಟ್ಟು, ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು, ಮುಂಜಾನೆಯ ಹಾಡನ್ನೇ ಸಣ್ಣಗೆ ಹಚ್ಚಿ ಫೋನನ್ನು ಎಡಗಿವಿಗೆ ಒತ್ತಿ ಹಿಡಿದ. ದನಿ ಏರಿತು, ಪಂಚಮದ ಮೇಲೆ ನಿಂತಿತು. ಕದಲಲಿಲ್ಲ. ಅಫಜಲಪುರದ ಕಂಬ, ಹೋಟೆಲ್ಲಿನ ಹೊಗೆ, ಬೆನ್ನ ಮೇಲಿನ ಕೈ ಎಲ್ಲ ಇದ್ದಲ್ಲಿಯೇ ಇದ್ದವು. ಬಲಗಿವಿಗೆ ತಂದ, ಜಾರಿತು. ಎರಡೂ ಕಿವಿ ತೆರೆದು ಕೇಳಿದರೆ ಕೆಟ್ಟದ್ದೇ ಗೆಲ್ಲುತ್ತಿತ್ತು. ಫೋನು ಕೆಟ್ಟಿರಲಿಲ್ಲ, ಸ್ಪೀಕರು ಕೆಟ್ಟಿರಲಿಲ್ಲ, ಜಗತ್ತಿನ ಯಾರ ಸುರವೂ ಕೆಟ್ಟಿರಲಿಲ್ಲ.

ಅವನು ಮಂಚದ ಮೇಲೆ ಕೂತು ಒಂದೊಂದೇ ಹಾಡು ಹಚ್ಚಿ ನೋಡಿದ. ಹೊಲಿಗೆ ಬಿಚ್ಚಿದ ಚೀಲದಲ್ಲಿ ಏನುಳಿದಿದೆ ಎಂದು ಕೈಯಾಡಿಸಿದ ಹಾಗೆ. ಆಳಂದದ ದರ್ಗಾದಲ್ಲಿ ಗೆಳೆಯ ಖುರ್ಷಿದನ ಜೊತೆ ಕೂತು ಕೇಳಿದ್ದ ಕವ್ವಾಲಿ. ಅವತ್ತು ಖುರ್ಷಿದ ಯಾವ ಸಂಕೋಚವೂ ಇಲ್ಲದೆ ಗಳಗಳ ಅತ್ತುಬಿಟ್ಟಿದ್ದ, ತಾನು ಮಾತ್ರ ಸುತ್ತಲಿನವರು ನೋಡುತ್ತಾರೆಂದು ಕಣ್ಣೀರು ನುಂಗಿ ತಾಳ ಹಾಕುತ್ತ ಕೂತಿದ್ದ, ಆ ನುಂಗಿದ ಕಣ್ಣೀರಿಗೆ ಇವತ್ತಿಗೂ ಪಶ್ಚಾತ್ತಾಪವಿತ್ತು. ಆಮೇಲೆ ಆ ಭಜನೆ, ಸುಲಭಾಳ ಎದುರು ಅವನೆಂದೂ ಹಚ್ಚದ ಭಜನೆ. ಅವರ ಮೊದಲ ಕೂಸು ಕಲಬುರಗಿಯ ದವಾಖಾನೆಯಲ್ಲಿ ಉಸಿರಾಡದೆ ಹುಟ್ಟಿದ ಹೊತ್ತಿನಲ್ಲಿ ಹೊರಗೆ ಕಟ್ಟೆಯ ಮೇಲೆ ಯಾವನೋ ಹಚ್ಚಿದ್ದ ಟೇಪಿನಲ್ಲಿ ಅದು ಬರುತ್ತಿತ್ತು. ನರ್ಸು ಒಳಗಿಂದ ಅವನ ಹೆಸರು ಕೂಗಿದ್ದು ಕೇಳಿಸಿತ್ತು. ಕೊನೆಯ ಚರಣ ಮುಗಿಯಲಿ ಎಂದು ಅವನು ನಿಂತಿದ್ದ. ಒಳಗೆ ಏನು ಹೇಳುತ್ತಾರೆಂಬುದು ಗೊತ್ತಿದ್ದೇ ನಿಂತಿದ್ದನೆಂದು ಈಗ ಅನ್ನಿಸುತ್ತದೆ. ಆ ಹಾಡು ಮುಗಿಯುವ ತನಕ ಅವನ ಪಾಲಿಗೆ ಕೂಸು ಇತ್ತು. ಇಂಥ ಹಾಡುಗಳನ್ನು ಅವನು ಯಾರಿಗೂ ಕೇಳಿಸದೆ, ಯಾಕೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಈಗ ಅವೂ ಬಲಗಡೆಯಿಂದ ಕೊಳೆತು ಬರುತ್ತಿದ್ದವು. ಎಂಥ ಅನ್ಯಾಯ ಇದು ಎಂದು ಅವನಿಗೆ ಅಳು ಬಂತು. ಕಣ್ಣು ಹೋಗಬಾರದಿತ್ತೇ, ಕಾಲು ಹೋಗಬಾರದಿತ್ತೇ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅತುಲ ತಂದ ಸ್ಪೀಕರನ್ನೇ ಕಾಲಿನಿಂದ ಮಂಚದ ಕೆಳಗೆ ನೂಕಿದ. ಆಗಲೇ, ತಂಬೂರಿಯ ಕೊರಳಿಗೆ ತಾನು ಹಚ್ಚುವುದು ಬಲಗಿವಿ ಎಂಬುದು ಅವನಿಗೆ ಹೊಳೆಯಿತು.

ಹುಡುಗಿ ಇಳಿಸಿದ್ದು ಸರಿಯಾಗಿತ್ತು. ತನ್ನ ಕಿವಿಗೆ ಪಂಚಮ ಇಳಿದಂತೆ ಕೇಳಿ ತಾನು ಏರಿಸಿದ್ದ, ಏರಿದ ಪಂಚಮದ ಮೇಲೆ ಅವಳನ್ನು ಹಾಡಲು ಹಚ್ಚಿದ್ದ. ಹಾಗಾದರೆ ಅಲ್ಲಿ ಕೂತಿದ್ದವರಿಗೆಲ್ಲ ಕೇಳಿಸಿರಬೇಕಲ್ಲ? ಸುನೀಲಕುಮಾರ ಹಾರ್ಮೋನಿಯಂ ನುಡಿಸುವವನು, ಅವನಿಗಾದರೂ ಕೇಳಿಸಿರಬೇಕು. ಕೇಳಿಸಿಯೂ ಸುಮ್ಮನೆ ಕೂತರೋ, ಅಥವಾ ಇವನ 'ಹಾಂ' ಬಂದ ಮೇಲೆ ತಮ್ಮ ಕಿವಿಯನ್ನು ತಾವೇ ನಂಬಲಿಲ್ಲವೋ? ಎಷ್ಟು ಅಮವಾಸ್ಯೆಗಳಿಂದ ಹೀಗೆ ನಡೆದಿತ್ತು? ಹಿಂದೆ ಕೆಮ್ಮಿದವರು ಯಾರು? ಮನೆಗೆ ಹೋಗಿ ಹೆಂಡತಿಯರ ಎದುರು ನಕ್ಕಿರಬಹುದು, ಮುದುಕನ ಕಿವಿ ಹೋಗಿದೆ, ಹೇಳುವವರಾರು ಎಂದು. ಹುಡುಗಿಗಾದ ಅನ್ಯಾಯಕ್ಕಿಂತ ಆ ನಗೆಯೇ ಅವನನ್ನು ಹೆಚ್ಚು ಚುಚ್ಚಿತು, ಚುಚ್ಚಿದ್ದು ತಿಳಿದು ನಾಚಿಕೆಯೂ ಆಯಿತು. ಸುಲಭಾ ಬಾಗಿಲು ತಳ್ಳಿಕೊಂಡು ಬಂದಳು. ಟಿವಿಯ ಸಪ್ಪಳ ಇವನು ಏರಿಸುತ್ತ ಹೋಗುವುದನ್ನು ಅವಳು ದೀಪಾವಳಿಗೂ ಮೊದಲಿನಿಂದ ನೋಡುತ್ತ ಬಂದಿದ್ದಳು. ಕಿವಿ ತೋರಿಸಿಕೊಂಡು ಬರ್ರಿ, ಕಲಬುರಗಿ ಏನು ಕಾಶಿ ಅಲ್ಲ, ನಿಮ್ಮ ಕಿವಿಯೇನು ದೇವರ ಮೂರ್ತಿ ಅಲ್ಲ ಮುಟ್ಟಿದರೆ ಮೈಲಿಗೆಯಾಗಲು ಎಂದು ಎಂದಿನ ಹಾಗೆ ಹೇಳಿದಳು. ಇವನು ಎಂದಿನ ಹಾಗೆ ರೇಗಲಿಲ್ಲ. ಹೊರಟೆ ಎಂದ. ಅವಳು ದವಾಖಾನೆಗೆಂದೇ ತಿಳಿದು, ಅಚ್ಚರಿಯಿಂದ ಇಸ್ತ್ರಿಯ ಅಂಗಿ ತೆಗೆದುಕೊಟ್ಟಳು. ಅವನು ಹೋಗಿ ನೆಲೋಗಿಯ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಅದರ ಸಪ್ಪಳವನ್ನೂ ಅವನು ಎಡಗಿವಿಯಿಂದೊಮ್ಮೆ ಬಲಗಿವಿಯಿಂದೊಮ್ಮೆ ಕೇಳಿ ಹೋಲಿಸಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ಇವನು ಕಿವಿ ಮುಚ್ಚಿ ತೆಗೆದು ಮಾಡುವುದನ್ನು ನೋಡಿ ಗಂಟನ್ನು ತನ್ನ ಕಡೆ ಎಳೆದುಕೊಂಡಳು. ಹೊರಗೆ ತೊಗರಿ ಹೂಬಿಟ್ಟಿತ್ತು. ಹೋಗಿ ಏನು ಹೇಳುವುದು? ನನ್ನ ಕಿವಿ ಕೆಟ್ಟಿದೆ ಎಂದು ದೌಲತರಾಯನ ಎದುರು ಬಾಯಿಬಿಟ್ಟರೆ ಸಂಜೆಯೊಳಗೆ ಅದು ಜೇವರ್ಗಿಯ ಚಹಾದಂಗಡಿಗೆ ಬರುತ್ತದೆ. ಮುಂದಿನ ಅಮವಾಸ್ಯೆಗೆ ತಂಬೂರಿ ಇವನ ಕೈಗೆ ಬರುವುದಿಲ್ಲ. ಬಂದರೂ ಮುದುಕನಿಗೆ ಬೇಸರವಾಗದಿರಲಿ ಎಂದು ಬರುತ್ತದೆ, ಆಮೇಲೆ ಇನ್ನೊಬ್ಬರು ಮೆಲ್ಲಗೆ ಸರಿಮಾಡಿಕೊಳ್ಳುತ್ತಾರೆ. ಹೇಳಲೇಬೇಕೆಂದೇನಿದೆ? ಹುಡುಗಿಯನ್ನು ಇನ್ನೊಮ್ಮೆ ಕೇಳುತ್ತೇನೆ ಎನ್ನಬಹುದು. ಕೇಳಿ, ಅವತ್ತು ಅಂಜಿದ್ದಳು, ಇವತ್ತು ಛಲೋ ಹಾಡಿದಳು, ಕಳಿಸಿರಿ ಎನ್ನಬಹುದು. ಅವಳಿಗೆ ಅವಳ ಧಾರವಾಡ, ಇವನಿಗೆ ಇವನ ಬೈಠಕ್ಕು. ಇದರಲ್ಲಿ ಸುಳ್ಳೇನೂ ಇಲ್ಲ ಎಂದು ತನಗೆ ತಾನೇ ವಾದಿಸಿ ಗೆದ್ದ. ಗಾಜಿನ ಗಡಗಡದೊಳಗೆ ಚಿಕ್ಕಂದಿನ ಅಡುಗೆಮನೆ ನೆನಪಾಯಿತು, ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತದ ಮೇಲೆಯೇ ಪದ ಕೂಡುತ್ತಿತ್ತು, 'ಹೊತ್ತು ಮುಳುಗೂದ್ರಾಗ ಹೊಳಿ ದಾಟಸೋ ತಂದಿ' ಎಂದು. ಭೀಮಾ ದಂಡೆಯ ಹೆಂಗಸರೆಲ್ಲ ಹಾಡುತ್ತಿದ್ದ ಪದವೇ, ಆದರೆ ಅಪ್ಪನಿಗೆ ಮನೆಯ ಹೆಂಗಸರು ದನಿಯೆತ್ತುವುದು ಸೇರುತ್ತಿರಲಿಲ್ಲ. ಅಂಗಳದಲ್ಲಿ ಅಪ್ಪನ ಚಪ್ಪಲಿ ಸಪ್ಪಳ ಕೇಳಿದರೆ ಅವ್ವ ಸಾಲಿನ ನಡುವೆಯೇ ನಿಲ್ಲಿಸುತ್ತಿದ್ದಳು. ಬಡಿತ ಮಾತ್ರ ಮುಂದುವರಿಯುತ್ತಿತ್ತು. ಹಾಡಿನ ಉಳಿದ ಅರ್ಧವನ್ನು ಅವನು ಆ ಬರೀ ಬಡಿತದಲ್ಲಿ ಕೇಳಲು ಕಲಿತಿದ್ದ. ಕಿವಿ ಬೆಳೆದದ್ದೇ ಹಾಗೆ. ಅವ್ವ ಸತ್ತು ಎಷ್ಟೋ ವರ್ಷವಾದ ಮೇಲೂ ಯಾರಾದರೂ ಆ ಪದವನ್ನು ಪೂರ್ತಿ ಹಾಡಿದರೆ ಅವನಿಗೆ ಮೊದಲು ಅಂಜಿಕೆಯಾಗುತ್ತಿತ್ತು, ಆಮೇಲೆ ಸುಖವಾಗುತ್ತಿತ್ತು. ಮೊನ್ನೆ ಅದನ್ನು ನಡುವೆ ನಿಲ್ಲಿಸಿದವನು ತಾನು. ಕಂಡಕ್ಟರು ಬಂದು ಎರಡು ಸಲ ಕೂಗಿದ ಮೇಲೆ ಅವನು ಚೀಟಿ ತೆಗೆದುಕೊಂಡ.

ದೌಲತರಾಯ ಅಂಗಳದಲ್ಲಿ ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದವನು ಎದ್ದು ಬಂದು ಎರಡೂ ಕೈ ಹಿಡಿದುಕೊಂಡು ಪಡಸಾಲೆಯ ಮಂಚದ ಮೇಲೆ ಕೂಡಿಸಿದ. ಫೋನು ಮಾಡಿದ್ದರೆ ಗಾಡಿ ಕಳಿಸುತ್ತಿದ್ದೆ ಎಂದು ಬೇಸರಪಟ್ಟ. ಅವನ ಮುಖದಲ್ಲಿ ಮೊನ್ನೆಯ ಅಪಮಾನದ ಗುರುತೇ ಇರಲಿಲ್ಲ, ದೊಡ್ಡ ಭಾರ ಇಳಿಸಿದವನ ನಿರಾಳವಿತ್ತು. ನೀವು ಒಂದೇ ಮಾತಿನಲ್ಲಿ ಬಗೆಹರಿಸಿದಿರಿ, ಮನೆಯಲ್ಲಿ ವರ್ಷದ ಜಗಳ ಮುಗಿಯಿತು, ಯಡ್ರಾಮಿಯವರು ಹುಡುಗಿಯನ್ನು ನೋಡಲು ಬರುತ್ತೇವೆಂದಿದ್ದಾರೆ, ಈಗ ಅವಳೂ ಏನೂ ಅನ್ನುವುದಿಲ್ಲ ಎಂದು ಹೇಳಿ, ನಿಮ್ಮ ಉಪಕಾರ ಎಂದ. ಅವನ ಹೆಂಡತಿ ಹೀರಾಬಾಯಿ ನೀರು ತಂದಿಟ್ಟು, ಇವನ ಕಡೆ ನೋಡದೆ, ಕಂಬದ ಮರೆಗೆ ಹೋಗಿ ನಿಂತಳು. ಪ್ರಹ್ಲಾದ ನೀರು ಕುಡಿದು, ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತನ್ನೇ ಹೇಳಿದ: ಹುಡುಗಿಯನ್ನು ಇನ್ನೊಮ್ಮೆ ಕೇಳಬೇಕೆಂದು ಬಂದಿದ್ದೇನೆ, ಅವತ್ತು ಮಂದಿಯ ನಡುವೆ ಅಂಜಿದ್ದಳೋ ಏನೋ. ದೌಲತರಾಯನಿಗೆ ಅದು ಬೇಕಿರಲಿಲ್ಲ. ಅಡಕತ್ತರಿಯನ್ನು ಮಡಚಿ ಇಟ್ಟ, ತೆಗೆದ, ಮತ್ತೆ ಇಟ್ಟ. ವಕೀಲರು ಮನೆಯ ತನಕ ಬಂದಿದ್ದಾರೆ, ಇಲ್ಲವೆನ್ನುವುದು ಹೇಗೆ. ಒಳಗೆ ಮುಖ ಮಾಡಿ ಮಗಳನ್ನು ಕರೆದ.

ವಿದ್ಯಾವತಿ ತನ್ನ ಸಣ್ಣ ತಂಬೂರಿಯನ್ನು ತಬ್ಬಿಕೊಂಡು ಬಂದು ಪಡಸಾಲೆಯ ಕಂಬಳಿಯ ಮೇಲೆ ಕೂತಳು. ಬಗ್ಗಿ ಇವನ ಕಾಲು ಮುಟ್ಟಿದಳು, ಅದಕ್ಕೂ ಅವನಿಗೆ ನಾಚಿಕೆಯಾಯಿತು. ಶ್ರುತಿ ಆಗಲೇ ಕೂಡಿತ್ತು. ಒಳಗೆ ಅಭ್ಯಾಸ ಮಾಡುತ್ತಿದ್ದಳೆಂದು ಕಾಣುತ್ತದೆ. ಅವಳು ತಂತಿಗಳನ್ನು ಮೀಟಿದಳು. ಪ್ರಹ್ಲಾದ ಬೆಚ್ಚಿ ನೋಡಿದ. ಎಷ್ಟೋ ವಾರಗಳಿಂದ ಅವನ ಕಿವಿಗೆ ಬೀಳದಿದ್ದ ತುಂಬು ನಾದ ಅದು, ನಾಲ್ಕು ತಂತಿಯೂ ಒಂದರೊಳಗೊಂದು ಕೂಡಿ, ಪಂಚಮ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಕಿವಿ ಸರಿಹೋಯಿತೇನೋ ಎಂದು ಆಸೆಯಾಯಿತು. ಮುಂಜಾನೆ ಅಂಜಿದ್ದೆಲ್ಲ ನೆಗಡಿಯ ಆಟವಿರಬೇಕು, ಮನಸ್ಸಿನ ಭ್ರಮೆಯಿರಬೇಕು. ಅವಳು ಅದೇ ಪದ ಎತ್ತಿಕೊಂಡಳು. ಹೊತ್ತು ಮುಳುಗುವ ಹೊಳೆ, ರೊಟ್ಟಿಯ ಬಡಿತ, ಅವ್ವನ ಬಳೆಯ ಸಪ್ಪಳ ಎಲ್ಲ ಬಂದವು, ಯಾವುದೂ ಜಾರಲಿಲ್ಲ. ಅವನು ಕಣ್ಣು ಮುಚ್ಚಿದ. ದೌಲತರಾಯ ಇವನ ಮುಖವನ್ನು ನೋಡುತ್ತಿದ್ದಾನೆಂಬುದು ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತಿತ್ತು. ಇನ್ನೇನು, ಮುಗಿದ ಮೇಲೆ ಶಾಬಾಸ್ ಅಂದರಾಯಿತು, ಸಂಜೆಯ ಬಸ್ಸಿಗೆ ತಿರುಗಿ ಹೋದರಾಯಿತು. ಆದರೆ ಹಾಡು ಎರಡನೆಯ ಚರಣಕ್ಕೆ ಹೊರಳುವಾಗ ಒಂದು ಸಂಶಯ ಸಣ್ಣ ಇರುವೆಯ ಹಾಗೆ ಹತ್ತಿ ಬಂತು. ಹೊರಗೆ ಟ್ರ್ಯಾಕ್ಟರಿನ ಹಾರ್ನು ಕೂಗಿತು, ಅದು ಮಾತ್ರ ಜಾರಿದಂತೆಯೇ ಇತ್ತು. ಜಗತ್ತೆಲ್ಲ ಜಾರುತ್ತಿರುವಾಗ ಈ ತಂಬೂರಿಯೊಂದು ನೆಟ್ಟಗೆ ಕೇಳುವುದು ಹೇಗೆ? ಬೇಡ, ಬೇಡ ಎಂದು ಮನಸ್ಸು ಅನ್ನುತ್ತಿರುವಾಗಲೇ ಅವನ ಕೈ ಮೇಲೆ ಹೋಗಿ ಬಲಗಿವಿಯನ್ನು ಮುಚ್ಚಿತು.

ಪಂಚಮ ಏರಿತ್ತು. ಮೊನ್ನೆ ತಾನು ಏರಿಸಿಟ್ಟಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹುಡುಗಿಯ ದನಿ ಆ ಸುಳ್ಳು ಪಂಚಮವನ್ನು ಮುಟ್ಟಲು ಪ್ರತಿ ಸಾಲಿನಲ್ಲೂ ತುದಿಗಾಲ ಮೇಲೆ ನಿಂತು ಚಾಚುತ್ತಿತ್ತು, ಮುಟ್ಟುತ್ತಲೂ ಇತ್ತು, ಆ ಮುಟ್ಟುವಿಕೆಯಲ್ಲಿ ಅವ್ವನ ಪದ ಸೀಳಿಹೋಗುತ್ತಿತ್ತು. ಕೈ ತೆಗೆದ, ಎಲ್ಲ ಚೆನ್ನಾಗಿತ್ತು. ಮುಚ್ಚಿದ, ಎಲ್ಲ ಸೀಳಿತ್ತು. ಹಾಡು ನಿಂತಿತು. ಕಣ್ಣು ತೆರೆದಾಗ ವಿದ್ಯಾವತಿ ಇವನ ಕಿವಿಯ ಮೇಲಿದ್ದ ಕೈಯನ್ನು ನೋಡುತ್ತ ಕೂತಿದ್ದಳು. ದೌಲತರಾಯನೂ ನೋಡಿದ್ದ.

"ಸಾಕ ಬಿಡವಾ," ಎಂದ ದೌಲತರಾಯ, ಮಗಳಿಗೆ, ಬಹಳ ಮೆತ್ತಗೆ. "ಪಾಪ, ಅವರಿಗೆ ಯಾಕ ತಕಲೀಫ್."

ಅವಳು ತಂಬೂರಿಯನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡಳು. ಕಂಬದ ಮರೆಯಲ್ಲಿ ಹೀರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಪ್ರಹ್ಲಾದ, ಈ ಶ್ರುತಿ ಯಾರು ಕೂಡಿಸಿದ್ದು ಎಂದು ಕೇಳಿದ. ಕೇಳುವಾಗಲೇ ಉತ್ತರ ಗೊತ್ತಿತ್ತು.

"ಅವತ್ತ ನೀವು ಹಚ್ಚಿಕೊಟ್ಟಂಗ ಹಚ್ಚೇನ್ರಿ," ಎಂದಳು ಅವಳು. "ಕಿವಿ ತಿದ್ಕೋ ಅಂದ್ರಲ್ರಿ. ಆವಾಗಿಂದ ಇದಕ್ಕ ಕೂತೇನಿ."

ಎರಡು ದಿನ ಅವಳು ಊಟ ಸರಿಯಾಗಿ ಮಾಡಿಲ್ಲ, ಬಾಗಿಲು ಹಾಕಿಕೊಂಡು ಟುಂಯ್ ಟುಂಯ್ ಅನ್ನಿಸುತ್ತ ಕೂತಿದ್ದಾಳೆ ಎಂದು ಹೀರಾಬಾಯಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು, ಇವನನ್ನಲ್ಲ, ಗೋಡೆಯನ್ನು ನೋಡಿ. ಪ್ರಹ್ಲಾದನಿಗೆ ಎದ್ದು ಓಡಬೇಕೆನ್ನಿಸಿತು. ಬಸ್ಸಿನಲ್ಲಿ ಅಷ್ಟು ಚೆಂದ ಹೊಂದಿಸಿಕೊಂಡಿದ್ದ ಹೊಂದಾಣಿಕೆ ಪುಡಿಯಾಗಿತ್ತು. ಛಲೋ ಹಾಡಿದಳು ಎಂದರೆ ಈ ಸುಳ್ಳು ಪಂಚಮಕ್ಕೆ ತನ್ನ ಮುದ್ರೆ ಬೀಳುತ್ತದೆ, ಧಾರವಾಡದಲ್ಲಿ ಮೊದಲ ದಿನವೇ ಅವಳನ್ನು ತಿರುಗಿ ಕಳಿಸುತ್ತಾರೆ. ಕೆಟ್ಟದಾಗಿ ಹಾಡಿದಳು ಎಂದರೆ ಯಡ್ರಾಮಿಯವರು ಬರುತ್ತಾರೆ. ಇನ್ನು ಉಳಿದದ್ದು ನಿಜವೊಂದೇ, ಅದನ್ನು ಅವನು ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು, ಕೋರ್ಟಿನಲ್ಲೂ ಅವನು ಅಷ್ಟು ಜೋರಾಗಿ ಮಾತಾಡಿದವನಲ್ಲ. ತನ್ನ ಬಲಗಿವಿ ಕೆಟ್ಟಿದೆ, ಸ್ವರ ಅದರಲ್ಲಿ ಇಳಿದು ಕೇಳುತ್ತದೆ, ಅದು ಇವತ್ತೇ ಗೊತ್ತಾಯಿತು, ಅವತ್ತು ತಾನು ತಂಬೂರಿಯನ್ನು ತಪ್ಪಾಗಿ ಏರಿಸಿದೆ, ಹುಡುಗಿ ಇಳಿಸಿದ್ದೇ ಸರಿ, ಅಷ್ಟು ಮಂದಿಯಲ್ಲಿ ಸರಿಯಾದ ಕಿವಿ ಇದ್ದದ್ದು ಅವಳೊಬ್ಬಳಿಗೇ ಎಂದ. ಕಳಿಸಿರಿ ಎಂದ. ಕೈ ಮುಗಿದ.

ದೌಲತರಾಯ ಮೊದಲು ನಕ್ಕ, ದೊಡ್ಡವರು ಮನೆಗೆ ಬಂದು ಹುಡುಗಿಯ ಸಮಾಧಾನಕ್ಕೆ ಇಷ್ಟು ಇಳಿದು ಮಾತಾಡುತ್ತಾರಲ್ಲ ಎಂದು. ಪ್ರಹ್ಲಾದ ನಗಲಿಲ್ಲ. ಬಲಗಿವಿಯನ್ನು ಬೆರಳಿನಿಂದ ತಟ್ಟಿ ತೋರಿಸಿ, ಖರೆ ಹೇಳುತ್ತಿದ್ದೇನೆ ಎಂದ. ದೌಲತರಾಯ ಅಡಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡ.

"ಹಂಗಾರ ವ್ಯಾಜ್ಯ ಅಲ್ಲೇ ಉಳೀತಲ್ರೀ ಸಾಹೇಬ್ರ," ಎಂದ. "ಕಿವಿ ಕೆಟ್ಟದ ಅಂತೀರಿ. ಕೆಟ್ಟ ಕಿವೀಲೆ ಕೇಳಿ ಕಳಸು ಅಂತೀರಿ. ನಾ ಯಾವ ಮಾತ ಹಿಡೀಲಿ?"

ಅವನ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಇಂಥದೇ ಪ್ರಶ್ನೆ ಕೇಳಿ ಪ್ರಹ್ಲಾದ ಎಷ್ಟೋ ಸಾಕ್ಷಿಗಳನ್ನು ಕಟಕಟೆಯಿಂದ ಇಳಿಸಿದ್ದ, ಅವರು ಬಾಯಿ ತೆರೆದು ಮುಚ್ಚಿ ನಿಲ್ಲುವುದನ್ನು ನೋಡಿ ಖುಷಿಪಟ್ಟಿದ್ದ. ಎಡಗಿವಿ ಸರಿಯಿದೆ ಎಂದು ಹೇಳಹೋದ. ಅದು ಮಕ್ಕಳ ಮಾತಿನ ಹಾಗೆ ಕೇಳಿಸಿ ನಡುವೆಯೇ ಬಿಟ್ಟ. ಊರೆಲ್ಲ ನಂಬಿದ್ದ ಕಿವಿ ಸುಳ್ಳು ಹೇಳಿತ್ತು, ಈಗ ಯಾರೂ ನಂಬದ ಕಿವಿ ಖರೆ ಹೇಳುತ್ತಿತ್ತು. ಈ ಪಡಸಾಲೆಯಲ್ಲಿ ತಂಬೂರಿಯ ಸತ್ಯ ತಿಳಿದವರು ಇನ್ನೊಬ್ಬರಿದ್ದರು. ಅವಳು ಹೇಳಿದರೆ ಸಾಕು. ಅವತ್ತು ಮಣಿಗೆ ತಾನಾಗಿಯೇ ಹೋದ ಆ ಬೆರಳುಗಳು ಸುಳ್ಳು ಹೇಳಲಾರವು. ಅವನು ಮಂಚದಿಂದ ಇಳಿದು ಕಂಬಳಿಯ ಮೇಲೆ ಅವಳ ಎದುರಿಗೇ ಕೂತ. ಜೀವಮಾನದಲ್ಲಿ ಸುರದ ಮಾತನ್ನು ಅವನು ಇನ್ನೊಬ್ಬರನ್ನು ಕೇಳಿದ್ದು ಇದೇ ಮೊದಲು.

"ನೀನ ಹೇಳವಾ," ಎಂದ. "ಪಂಚಮ ಏರೇದ ಹೌದಿಲ್ಲೋ?"

ಅವಳು ಅಪ್ಪನ ಕಡೆ ನೋಡಲಿಲ್ಲ, ಅವ್ವನ ಕಡೆಯೂ ನೋಡಲಿಲ್ಲ. ತಂಬೂರಿಯನ್ನು ಎತ್ತಿ ಭುಜಕ್ಕೆ ಆನಿಸಿ, ಕಿವಿಯನ್ನು ಅದರ ಕೊರಳಿಗೆ ಹಚ್ಚಿ, ಪಂಚಮದ ಮೊದಲ ತಂತಿಯೊಂದನ್ನೇ ಮೀಟಿದಳು. ಪ್ರಹ್ಲಾದ ಬಲಗಿವಿಯನ್ನು ಕೈಯಿಂದ ಮುಚ್ಚಿಕೊಂಡು ಕೇಳಿದ, ಏರಿಯೇ ಇತ್ತು. ಅವಳು ನಾದ ಮುಗಿಯುವ ತನಕ ಕಾದಳು. ಮತ್ತೊಮ್ಮೆ ಮೀಟಿದಳು. ಅವಳ ಹುಬ್ಬು ಗಂಟಿಕ್ಕಲಿಲ್ಲ. ಬೆರಳು ಮಣಿಯ ಹತ್ತಿರ ಹೋಗಲಿಲ್ಲ.

"ಇಲ್ರಿ," ಎಂದಳು. "ಮದಲ ನನಗ ಏರಿದಂಗ ಕೇಳತಿತ್ತು. ನಿನ್ನಿಯಿಂದ ಬರೋಬ್ಬರಿ ಕೇಳಾಕತ್ತದ್ರಿ."

ಇವನನ್ನು ಮೆಚ್ಚಿಸಲು ಹೇಳಿದ್ದಲ್ಲ ಅದು, ಸೇಡಿಗೆ ಹೇಳಿದ್ದೂ ಅಲ್ಲ. ಅವಳಿಗೆ ಕೇಳಿದ್ದನ್ನೇ ಹೇಳಿದ್ದಳು. ದೌಲತರಾಯ ಉಸಿರುಬಿಟ್ಟು, ವಕೀಲರಿಗೆ ಚಹಾ ಮಾಡು ಎಂದು ಹೆಂಡತಿಗೆ ಹೇಳಿದ. ಪ್ರಹ್ಲಾದ ಬಲಗಿವಿಯ ಮೇಲಿನ ಕೈಯನ್ನು ಇಳಿಸಿದ. ವಿದ್ಯಾವತಿ ಮತ್ತೆ ತಂತಿ ಮೀಟಿದಳು. ಅವನಿಗೂ ಅದು ಬರೋಬ್ಬರಿಯಾಗಿಯೇ ಕೇಳಿಸಿತು.